ರೆಪ್ಪೆ ಬಡಿದ ಚಿತ್ರಗಳು

ಸ್ವಯಂವರ ಮಂಟಪದಲ್ಲಿ ಹೂಮಾಲೆ ಹಿಡಿದು ನಿಂತ ದಮಯಂತಿಯ ಎದುರಿಗೆ ಒಬ್ಬ ನಳನಿರಲಿಲ್ಲ, ಐವರು ನಳರಿದ್ದರು. ಆಕೆಯನ್ನು ಬಯಸಿ ಭೂಮಿಗಿಳಿದ ಇಂದ್ರ, ಅಗ್ನಿ, ವರುಣ, ಯಮರು ನಳನ ರೂಪವನ್ನೇ ತಳೆದು ಅವನ ಪಕ್ಕದಲ್ಲಿ ಆಸೀನರಾಗಿದ್ದುದರಿಂದ ಮುಖಲಕ್ಷಣದಲ್ಲಾಗಲಿ ಮೈಬಣ್ಣದಲ್ಲಾಗಲಿ ಉಡುಗೆ ತೊಡುಗೆಯಲ್ಲಾಗಲಿ ಒಬ್ಬನಿಗೂ ಇನ್ನೊಬ್ಬನಿಗೂ ಎಳ್ಳಷ್ಟೂ ಭೇದವಿರಲಿಲ್ಲ. ಆಗ ಆಕೆಯ ನೆರವಿಗೆ ಬಂದುವು ಅತ್ಯಲ್ಪವಾದ ಕೆಲವು ಗುರುತುಗಳು: ದೇವತೆಗಳ ಹಣೆಯಲ್ಲಿ ಬೆವರಿರಲಿಲ್ಲ, ಅವರ ಮಾಲೆ ಬಾಡಿರಲಿಲ್ಲ, ಅವರ ಪಾದ ನೆಲವನ್ನು ಮುಟ್ಟಿರಲಿಲ್ಲ, ಅವರಿಗೆ ನೆರಳಿರಲಿಲ್ಲ, ಅವರ ರೆಪ್ಪೆ ಬಡಿಯುತ್ತಿರಲಿಲ್ಲ. ಬೆವರಿ, ನೆರಳು ಚೆಲ್ಲಿ, ರೆಪ್ಪೆ ಬಡಿದವನು ಒಬ್ಬನೇ. ಮಾಲೆ ಬಿದ್ದುದು ಅವನ ಕೊರಳಿಗೆ.

ಚಿತ್ರಕ್ಕೆ ಚಲನೆಯನ್ನು ಕೊಡುವ ಕಸುಬಿನವರಿಗೆ ದಮಯಂತಿಯ ಈ ವಿವೇಕ ನಿತ್ಯದ ಅನುಭವ. ಬರೆದ ಮುಖ ಎಷ್ಟೇ ಸುಂದರವಾಗಿರಲಿ, ರೆಪ್ಪೆ ಬಡಿಯದಿರುವ ತನಕ ಅದು ಹಾಳೆಯ ಮೇಲಣ ಬಣ್ಣವಾಗಿಯೇ ಉಳಿಯುತ್ತದೆ. ಕ್ಷಣಮಾತ್ರ ಕಣ್ಣು ಮುಚ್ಚಿ ತೆರೆಯಿತೆಂದರೆ ನೋಡುವವನ ಎದೆಯಲ್ಲಿ ಅದರ ಬಗೆಗೆ ಮಮತೆ ಹುಟ್ಟುತ್ತದೆ. ದೇವತೆಗಳನ್ನು ನಮ್ಮ ಹಿರಿಯರು ಅನಿಮಿಷರೆಂದು, ಎಂದರೆ ರೆಪ್ಪೆ ಬಡಿಯದವರೆಂದು ಕರೆದರು. ಅನಿಮೇಷನ್ ಎಂಬ ಪರದೇಶದ ಮಾತಿಗೂ ಈ ಶಬ್ದಕ್ಕೂ ಹುಟ್ಟಿನ ಸಂಬಂಧವೇನೂ ಇಲ್ಲ. ಆದರೂ ಇವೆರಡನ್ನೂ ಜತೆಯಲ್ಲಿರಿಸಿ ನೋಡಿದಾಗಲೆಲ್ಲ, ಪರದೆಯ ಮೇಲಣ ಚಿತ್ರ ರೆಪ್ಪೆ ಬಡಿಯಲು ಕಲಿತ ಕಾಲದಲ್ಲಿ ಅದರ ಮುಂದೆ ಕುಳಿತ ಮಕ್ಕಳಾದ ನಾವು ರೆಪ್ಪೆ ಬಡಿಯುವುದನ್ನು ಮರೆತು ಅನಿಮಿಷರಾಗಿದ್ದೆವೆಂಬ ಮಾತು ನನ್ನ ಮನಸ್ಸಿಗೆ ಬರುತ್ತದೆ. ನಮ್ಮ ಬಾಲ್ಯವನ್ನು ಹೀಗೆ ಸೆರೆಹಿಡಿದ ಚಿತ್ರಗಳು ಈ ದೇಶದಲ್ಲಿ ಯಾರ ಕೈಯಿಂದ, ಎಷ್ಟು ತಾಳ್ಮೆಯಿಂದ ಹುಟ್ಟಿ ಬಂದುವೆಂಬುದನ್ನು ಬಲ್ಲವರು ವಿರಳ. ಆ ಕೈಗಳ ಋಣವನ್ನು ನೆನೆಯುವುದಕ್ಕಾಗಿ ಈ ಬರಹ.

ನಾಗಮಂಗಲದ ಕಡೆಯ ನಮ್ಮ ಊರಿನಲ್ಲಿ 1980ರ ದಶಕದ ನಡುವಣ ವರ್ಷಗಳಲ್ಲಿ ಟಿ.ವಿ. ಇದ್ದುದು ಎದುರುಮನೆಯಲ್ಲಿ ಮಾತ್ರ. ಮಾಡಿನ ಮೇಲೆ ಒಬ್ಬ ಆಂಟೆನಾ ತಿರುಗಿಸುತ್ತ, ಅಂಗಳದಲ್ಲಿ ಇನ್ನೊಬ್ಬ ನಿಂತು ಕೂಗುತ್ತ, ನಡುಮನೆಯಲ್ಲಿ ಮೂವತ್ತು ಮಕ್ಕಳು ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿರಲು, ಒಂದು ದಿನ ಎರಡು ಕಾರ್ಯಕ್ರಮಗಳ ನಡುವೆ ಯಾರೂ ನಿರೀಕ್ಷಿಸದಂತೆ ಒಂದು ಚಿತ್ರ ಮೂಡಿತು. ಮಕ್ಕಳಿಬ್ಬರು, ಹಣ್ಣಿನ ಮರ, ಹಕ್ಕಿಗಳ ಹಿಂಡು. ಬೇಡನೊಬ್ಬ ಬಲೆ ಬೀಸಿದನು, ಹಕ್ಕಿಗಳು ಸಿಕ್ಕಿಬಿದ್ದುವು, ಒಂದೊಂದಾಗಿ ಒದ್ದಾಡಿ ಸೋತುವು, ಕಡೆಗೆ ಎಲ್ಲವೂ ಒಮ್ಮೆಗೇ ರೆಕ್ಕೆ ಬಡಿದು ಬಲೆಯ ಸಮೇತ ಆಕಾಶಕ್ಕೆ ಹಾರಿದುವು. ಹಿಂದಿಯ ಒಂದಕ್ಷರವೂ ತಿಳಿಯದ ನಮಗೆ ಕಥೆಯ ಒಂದೆಳೆಯೂ ತಪ್ಪಲಿಲ್ಲ. ಬಾಗಿಲ ಬಳಿ ಕುಳಿತು ನೋಡುತ್ತಿದ್ದ ನನ್ನ ಅಜ್ಜಿ ಎಲೆಯಡಿಕೆ ಹಾಕಿಕೊಳ್ಳುತ್ತ ಹೇಳಿದಳು: "ಇದೇನ್ ಹೊಸ್ದಲ್ಲ ಕಣ್ ಮಗ. ನಮ್ ಕಿಳ್ಳೇಕ್ಯಾತ್ರು ಪರ್ದೆ ಮ್ಯಾಲೆ ಇದ್ನೇ ಆಡುಸ್ತಿದ್ರು."

ಅಂದು ಆ ಮಾತು ನನಗೆ ಹಳಬರ ಹಟದಂತೆ ಕೇಳಿಸಿತು. ಇಂದು ಅದು ಇತಿಹಾಸದ ಮೊದಲ ಪಾಠವೆಂದು ತೋರುತ್ತದೆ. ಹದ ಮಾಡಿದ ಜಿಂಕೆಯ ಅಥವಾ ಮೇಕೆಯ ತೊಗಲನ್ನು ಬೆಳಕು ಹಾಯುವಷ್ಟು ತೆಳುವಾಗಿಸಿ, ಆಕಾರ ಕೊರೆದು, ಒಡವೆ ಅಂಚುಗಳಿಗಾಗಿ ಸಣ್ಣ ಸಣ್ಣ ರಂಧ್ರ ಮಾಡಿ, ಬಣ್ಣ ತುಂಬಿ, ಬಿಳಿಯ ಪರದೆಯ ಹಿಂದೆ ಎಣ್ಣೆಯ ದೀಪದ ಬೆಳಕಿನಲ್ಲಿ ಕಿಳ್ಳೇಕ್ಯಾತರೆಂಬ ಗೊಂಬೆಯಾಟದವರು ಇರುಳಿಡೀ ಆಡಿಸುತ್ತಿದ್ದ ತೊಗಲುಗೊಂಬೆಯ ಆಟ, ನಿಶ್ಚಲವಾದ ಚಿತ್ರಕ್ಕೆ ಬೆಳಕು, ಚಲನೆ, ಧ್ವನಿಗಳನ್ನು ಕೂಡಿಸುವ ಕಲೆಯೇ ಹೌದು. ದಶಕಂಠನ ಗೊಂಬೆ ಪರದೆಗೆ ಸಮೀಪಿಸಿದಾಗ ಸ್ಪಷ್ಟವಾಗಿ ಹೊಳೆದು, ಹಿಂದಕ್ಕೆ ಸರಿದಾಗ ಮಸುಕಾಗಿ ಹಿಗ್ಗಿ, ಆಟದ ಹಾಸ್ಯಜೋಡಿಯಾದ ಕಿಳ್ಳೇಕ್ಯಾತ ಬಂಗಾರಕ್ಕರ ಮಾತಿಗೆ ನಿದ್ದೆಗಣ್ಣಿನ ಮಕ್ಕಳು ಎದ್ದು ಕುಳಿತು, ಹೀಗೆ ನಮ್ಮ ನಾಡಿನಲ್ಲಿ ಎಷ್ಟೋ ತಲೆಮಾರುಗಳ ಬಾಲ್ಯ ಆ ಪರದೆಯ ಮುಂದೆ ಕಳೆದಿತ್ತು. ಎಂ.ಎಸ್. ನಂಜುಂಡರಾಯರು ಊರೂರು ಅಲೆದು ಸಂಗ್ರಹಿಸಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಉಳಿಸಿದ ಹಳೆಯ ಗೊಂಬೆಗಳ ಎದುರು ನಿಂತವರಿಗೆ ಆ ತೊಗಲಿನ ಮೇಲಣ ಕಣ್ಣುಗಳ ವಿಶಾಲತೆ ಮರೆಯುವಂಥದಲ್ಲ. ಅವು ದೊಡ್ಡವು, ದುಂಡಾದವು, ತೆರೆದೇ ಇರತಕ್ಕವು. ದೇವತೆಗಳಂತೆ ಅವಕ್ಕೆ ರೆಪ್ಪೆ ಬಡಿಯುವ ಅಭ್ಯಾಸವಿಲ್ಲ. ಆ ಒಂದು ಕೊರತೆಯನ್ನು ತುಂಬಲು ಫಿಲ್ಮು ಬರಬೇಕಾಯಿತು.

ಫಿಲ್ಮು ಬಂದ ಬಗೆಯೂ ಚೆಲುವಾದುದು. 1912ರಲ್ಲಿ ಲಂಡನ್ನಿನಿಂದ ಕ್ಯಾಮೆರಾ ಕೊಂಡು ಮರಳಿದ ಧುಂಡಿರಾಜ ಗೋವಿಂದ ಫಾಲ್ಕೆಯವರು, ಕಥಾಚಿತ್ರಕ್ಕೆ ಬೇಕಾದ ಹಣವಿಲ್ಲದಿರಲು, ಒಂದು ಕುಂಡದಲ್ಲಿ ಬಟಾಣಿಕಾಳು ಬಿತ್ತಿ, ಅದರೆದುರು ಕ್ಯಾಮೆರಾವನ್ನು ಕದಲದಂತೆ ನಿಲ್ಲಿಸಿ, ತಿಂಗಳಿಗೂ ಮೀರಿ ದಿನಕ್ಕೊಂದು ಚಿತ್ರದಂತೆ ತೆಗೆಯುತ್ತ ಹೋದರು. ಒಂದೊಂದಾಗಿ ನೋಡಿದರೆ ಅವು ಕುಂಡದ ಚಿತ್ರಗಳು. ಓಡಿಸಿ ನೋಡಿದರೆ ಮಣ್ಣು ಬಿರಿದು, ಮೊಳಕೆ ಕತ್ತೆತ್ತಿ, ಎಲೆ ಬಿಡಿಸಿ, ಬಳ್ಳಿ ಮೇಲೇರುವ ಪವಾಡ. ಅದನ್ನು ತೋರಿಸಿಯೇ ಅವರು ಹಣವೊದಗಿಸುವವರ ಮನಸ್ಸನ್ನು ಗೆದ್ದು, 1913ರಲ್ಲಿ 'ರಾಜಾ ಹರಿಶ್ಚಂದ್ರ'ವನ್ನು ತೆರೆಗೆ ತಂದರು. 1915ರಲ್ಲಿ ಬೆಂಕಿಕಡ್ಡಿಗಳನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಇನ್ನೊಂದು ಚಿತ್ರ, ಹೀಗೆ ತೆಗೆದು ಅವುಗಳನ್ನು ಕುಣಿಸಿದ 'ಆಗಕಾಡ್ಯಾಂಚಿ ಮೌಜ್' ಎಂಬ ಕಿರುಚಿತ್ರವನ್ನೂ ಮಾಡಿದರು. ಜಡವಸ್ತುವಿಗೆ ಪ್ರಾಣಪ್ರತಿಷ್ಠೆ ಮಾಡುವ ವಿದ್ಯೆ ನಮ್ಮ ದೇಶದಲ್ಲಿ ಕಥಾಚಿತ್ರಕ್ಕಿಂತಲೂ ಮೊದಲೇ, ಒಂದು ಕಾಳಿನ ಸುತ್ತ, ಆರಂಭವಾಯಿತೆಂಬುದು ನನಗೆ ಬಹಳ ಅರ್ಥವುಳ್ಳ ಸಂಗತಿಯಾಗಿ ಕಾಣುತ್ತದೆ. 1934ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಸಂಸ್ಥೆಗಾಗಿ ಗುಣಮಯ್ ಬ್ಯಾನರ್ಜಿಯವರು ರಚಿಸಿದ ರೇಖಾಚಿತ್ರದ ಹೆಸರೂ 'ದಿ ಪೀ ಬ್ರದರ್ಸ್', ಎಂದರೆ ಬಟಾಣಿ ಸೋದರರು.

ಆದರೆ ಕಿಡಿಗಳು ಅಲ್ಲಲ್ಲಿ ಹಾರಿದರೆ ಒಲೆ ಹೊತ್ತುವುದಿಲ್ಲ. ಸ್ವಾತಂತ್ರ್ಯಾನಂತರ 1948ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಫಿಲ್ಮ್ಸ್ ಡಿವಿಜನ್ ಎಂಬ ಸರಕಾರಿ ಸಂಸ್ಥೆಯು 1956ರಲ್ಲಿ ಕಾರ್ಟೂನು ವಿಭಾಗವೊಂದನ್ನು ತೆರೆದಾಗ ಈ ಕಸುಬಿಗೆ ನಮ್ಮಲ್ಲಿ ಗುರುಕುಲವೊಂದು ಏರ್ಪಟ್ಟಿತು. ಡಿಸ್ನಿಯ ಚಿತ್ರಶಾಲೆಯಲ್ಲಿ ನುರಿತಿದ್ದ ಕ್ಲೇರ್ ವೀಕ್ಸ್ ಎಂಬ ಕಲಾವಿದರು ಅಮೆರಿಕದ ತಾಂತ್ರಿಕ ನೆರವಿನ ಯೋಜನೆಯಡಿ ಬಂದು ತರುಣರಿಗೆ ಕೈಹಿಡಿದು ಕಲಿಸಿದರು. 1957ರಲ್ಲಿ ಸಿದ್ಧವಾದ 'ದಿ ಬನಿಯನ್ ಡಿಯರ್' ಚಿತ್ರಕ್ಕೆ ಆರಿಸಿಕೊಂಡುದು ಜಾತಕದ ಕಥೆ: ವಾರಾಣಸಿಯ ಅರಸನ ಅಡಿಗೆಗೆ ಸರದಿಯಂತೆ ದಿನಕ್ಕೊಂದು ಜಿಂಕೆ ತಲೆಗೊಡಬೇಕಾಗಿರಲು, ಗರ್ಭಿಣಿಯಾದ ಹೆಣ್ಣುಜಿಂಕೆಯ ಸರದಿಯಂದು ಹಿಂಡಿನ ದೊರೆಯಾದ ಆಲದ ಜಿಂಕೆ ತಾನೇ ಹೋಗಿ ಕೊರಳೊಡ್ಡಿದ ಕಥೆ. ಕಲಿಸಿದಾತ ಹೊರನಾಡಿನಿಂದ ಬಂದಿದ್ದರೂ ಕಲಿತವರು ಮೊದಲು ನಡೆಯಿಸಿದುದು ಈ ನೆಲದ ಜಿಂಕೆಯನ್ನು.

ಆ ನಡೆಯಿಸುವಿಕೆಯ ಶ್ರಮವನ್ನು ಸಮೀಪದಿಂದ ನೋಡತಕ್ಕದ್ದು. ಕೆಳಗಿನಿಂದ ದೀಪ ಬೆಳಗುವ ಗಾಜಿನ ಮೇಜು. ಹಾಳೆಗಳು ಕದಲದಂತೆ ಅವುಗಳ ತೂತುಗಳನ್ನು ಹಿಡಿದು ನಿಂತ ಗೂಟಗಳು. ಹಿರಿಯ ಕಲಾವಿದನು ಜಿಂಕೆ ತಲೆಯೆತ್ತಿದ ಭಂಗಿಯನ್ನೂ ತಲೆ ತಗ್ಗಿಸಿದ ಭಂಗಿಯನ್ನೂ ಬರೆದುಕೊಟ್ಟರೆ, ಇವೆರಡರ ನಡುವಣ ಸೂಕ್ಷ್ಮಾಂತರಗಳನ್ನೆಲ್ಲ ಸಹಾಯಕರು ಹಾಳೆಯ ಮೇಲೆ ಹಾಳೆಯಿರಿಸಿ ತುಂಬುತ್ತಿದ್ದರು. ಆ ಪೆನ್ಸಿಲಿನ ಗೆರೆಗಳು ಸೆಲ್ ಎಂಬ ಪಾರದರ್ಶಕ ಹಾಳೆಗೆ ಶಾಯಿಯಲ್ಲಿ ಇಳಿಯುತ್ತಿದ್ದುವು. ಗೆರೆ ಕೆಡದಂತೆ ಬಣ್ಣವನ್ನು ಹಿಂಬದಿಯಿಂದ ತುಂಬುತ್ತಿದ್ದರು. ಬೆರಳ ಗುರುತು ಬೀಳದಿರಲೆಂದು ಹತ್ತಿಯ ಕೈಗವಸು ತೊಡುತ್ತಿದ್ದರು. ಬಳಿಕ ಆ ಸೆಲ್ಲನ್ನು ಕಾಡಿನ ಹಿನ್ನೆಲೆಯ ಮೇಲಿರಿಸಿ, ಮೇಲಿನಿಂದ ಕೆಳಕ್ಕೆ ನೋಡುವ ಕ್ಯಾಮೆರಾದಿಂದ ಒಂದು ಚಿತ್ರ ತೆಗೆದು, ಅದನ್ನೆತ್ತಿ ಮುಂದಿನದನ್ನಿರಿಸುತ್ತಿದ್ದರು. ಒಂದು ಸೆಕೆಂಡಿಗೆ ಫಿಲ್ಮಿನ 24 ಚೌಕಗಳು ಓಡುತ್ತವೆ. ಚಿತ್ರವೊಂದನ್ನು ಎರಡು ಚೌಕಗಳಿಗೆ ಬಳಸಿದರೂ ಸೆಕೆಂಡಿಗೆ 12 ಚಿತ್ರ. ಆ ಲೆಕ್ಕದಲ್ಲಿ ಏಳು ನಿಮಿಷಕ್ಕೆ 5,040. ರೆಪ್ಪೆಯ ಒಂದು ಬಡಿತಕ್ಕೇ ತೆರೆದ ಕಣ್ಣು, ಅರ್ಧ ಮುಚ್ಚಿದ ಕಣ್ಣು, ಮುಚ್ಚಿದ ಕಣ್ಣು, ಮತ್ತೆ ಅರೆತೆರೆದ ಕಣ್ಣು ಎಂದು ನಾಲ್ಕಾರು ಚಿತ್ರ ಬೇಕು. ಪರದೆಯ ಮೇಲೆ ಅದರ ಆಯುಸ್ಸು ಅರ್ಧ ಸೆಕೆಂಡಿಗೂ ಕಡಿಮೆ. ಇಷ್ಟು ದುಡಿದು ಇಷ್ಟು ಬೇಗ ಮರೆಯಾಗುವುದನ್ನು ರಚಿಸುವ ಶಿಲ್ಪಿ ಬೇರೊಬ್ಬನಿಲ್ಲ.

ದೇಶದ ಪ್ರತಿಯೊಂದು ಚಿತ್ರಮಂದಿರವೂ ಕಥಾಚಿತ್ರದೊಡನೆ ಸರಕಾರದ ಸುದ್ದಿಚಿತ್ರವನ್ನೋ ಸಾಕ್ಷ್ಯಚಿತ್ರವನ್ನೋ ತೋರಿಸಲೇಬೇಕೆಂಬ ನಿಯಮವಿದ್ದುದರಿಂದ, ಈ ವಿಭಾಗದ ಕಿರುಚಿತ್ರಗಳು ಟೂರಿಂಗ್ ಟಾಕೀಸಿನ ಡೇರೆಗಳನ್ನೂ ತಲಪಿದುವು. ನಟ ರಾಜಕುಮಾರರ ಚಿತ್ರ ನೋಡಲು ಚಾಪೆ ಹಿಡಿದು ಬಂದ ಮಕ್ಕಳು ಅಕಸ್ಮಾತ್ತಾಗಿ, ಯಾರೂ ಹೆಸರು ಹೇಳದೆ, ನಡೆದಾಡುವ ರೇಖೆಗಳನ್ನು ಕಂಡರು. ಕುಟುಂಬ ಯೋಜನೆ, ಸಣ್ಣ ಉಳಿತಾಯ, ಶುಚಿತ್ವ ಎಂಬ ಬೋಧನೆಗಳೇ ಅವುಗಳ ವಸ್ತು. ಆದರೆ ಆ ಬೋಧನೆಯ ನೊಗದಡಿಯಲ್ಲಿಯೂ ಕಲಾವಿದರ ಕೈ ಸ್ವತಂತ್ರವಾಗಿ ಆಡುತ್ತಿತ್ತು. ಜಹಾಂಗೀರ್ ಭಾವನಗರಿಯವರು ಪಹಾಡಿ ಶೈಲಿಯ ಕಿರುವರ್ಣಚಿತ್ರಗಳ ಮೇಲೆ ಕ್ಯಾಮೆರಾವನ್ನು ಸರಿಸಿಯೇ ರಾಧಾಕೃಷ್ಣರ ಕಥೆ ಹೇಳಿದರು. ಪ್ರಮೋದ್ ಪತಿಯವರು ಪ್ರಾಗ್ ನಗರದಲ್ಲಿ ಗೊಂಬೆಚಿತ್ರದ ವಿದ್ಯೆಯನ್ನು ಕಲಿತು ಬಂದು, 1972ರ 'ಅಬಿದ್' ಚಿತ್ರದಲ್ಲಿ ಜೀವಂತ ಮನುಷ್ಯನನ್ನೇ ಚೌಕ ಚೌಕವಾಗಿ ಚಲಿಸುವ ಗೊಂಬೆಯನ್ನಾಗಿಸಿದರು.

ನಮ್ಮ ಊರಿನ ನಡುಮನೆಯಲ್ಲಿ ಮೂಡಿದ ಹಕ್ಕಿಗಳು ಹಾರಿ ಬಂದುದೂ ಇದೇ ಫಿಲ್ಮ್ಸ್ ಡಿವಿಜನ್ನಿನಿಂದ. 1974ರಲ್ಲಿ ವಿಜಯಾ ಮುಳೆಯವರ ನಿರ್ದೇಶನದಲ್ಲಿ, ಭೀಮಸೇನರ ರೇಖೆಗಳಲ್ಲಿ ಸಿದ್ಧವಾದ 'ಏಕ್ ಅನೇಕ್ ಔರ್ ಏಕ್ತಾ' ಏಳು ನಿಮಿಷದ ಚಿತ್ರ. ಒಂದು ಯಾವುದು, ಹಲವು ಯಾವುದು, ಹಲವು ಒಂದಾದರೆ ಏನಾಗುವುದು ಎಂಬುದನ್ನು ಅಕ್ಕ ತಮ್ಮನಿಗೆ ಹೇಳಿಕೊಡುವುದಷ್ಟೇ ಅದರ ಉದ್ದೇಶ. ಬಲೆಯೊಡನೆ ಹಾರಿದ ಹಕ್ಕಿಗಳ ಮತ್ತು ಬಲೆ ಕಡಿದ ಇಲಿಗಳ ಕಥೆ ಪಂಚತಂತ್ರದ್ದು. ಪಂಚತಂತ್ರವನ್ನು ದುರ್ಗಸಿಂಹನು ಹನ್ನೊಂದನೆಯ ಶತಮಾನದಲ್ಲಿಯೇ ಕನ್ನಡಕ್ಕೆ ತಂದಿದ್ದನು. ನಾವು ಪಾಠಪುಸ್ತಕದಲ್ಲಿ ಅದನ್ನು ಓದಿಯೂ ಇದ್ದೆವು. ಓದಿದಾಗ ನೀತಿ ಮಾತ್ರ ನೆನಪಿನಲ್ಲಿ ಉಳಿದಿತ್ತು. ನೋಡಿದಾಗ ಉಳಿದುದು ಬಲೆಯ ಭಾರಕ್ಕೆ ಒಮ್ಮೆ ಕೆಳಕ್ಕೆ ಜಗ್ಗಿ ಮತ್ತೆ ಮೇಲೆದ್ದ ಆ ರೆಕ್ಕೆಗಳ ಬಡಿತ. ಇಂದಿಗೂ ಹತ್ತು ಜನ ಕೂಡಿ ಭಾರವಾದ ಕಂಬವನ್ನೋ ಕೆಟ್ಟು ನಿಂತ ಬಸ್ಸನ್ನೋ ತಳ್ಳುವುದನ್ನು ಕಂಡಾಗ ನನ್ನ ಕಣ್ಣಿನ ಮುಂದೆ ಮೊದಲು ಬರುವುದು ಆ ಜಗ್ಗು, ಆ ಏರು. ಬಾಲ್ಯದ ಚಿತ್ರಗಳ ಪ್ರಭಾವವೆಂದರೆ ನನ್ನ ಅನುಭವದಲ್ಲಿ ಇದೇ: ಅವು ಜೀವಂತ ಚಲನೆಯನ್ನು ಗುರುತಿಸಲು ಕಣ್ಣಿಗೆ ಕಲಿಸುತ್ತವೆ, ಹಾಗೆ ಕಲಿತ ಕಣ್ಣು ನೀತಿಯನ್ನು ಯಾರೂ ಹೇಳದೆಯೇ ನೆನಪಿಸಿಕೊಳ್ಳುತ್ತದೆ.

ಆ ಗುರುಕುಲದ ಮೊದಲ ಶಿಷ್ಯರಲ್ಲೊಬ್ಬರಾದ ರಾಮ್ ಮೋಹನ್ ಅವರು 1968ರಲ್ಲಿ ಸರಕಾರಿ ಕೆಲಸ ಬಿಟ್ಟು, 1972ರಲ್ಲಿ ತಮ್ಮದೇ ಚಿತ್ರಶಾಲೆ ತೆರೆದರು. ಸತ್ಯಜಿತ್ ರಾಯರ 'ಶತರಂಜ್ ಕೆ ಖಿಲಾಡಿ'ಯಲ್ಲಿ ನಡುವೆ ಬರುವ ರೇಖಾಚಿತ್ರಗಳ ಚಲನೆ ಅವರದು. 1990ರ ದಶಕದಲ್ಲಿ ಯುನಿಸೆಫ್‌ಗಾಗಿ ಅವರು ರೂಪಿಸಿದ ಮೀನಾ ಎಂಬ ಹುಡುಗಿ, ತಮ್ಮ ರಾಜು, ಗಿಳಿ ಮಿಟ್ಠೂ, ಈ ಮೂವರು ದಕ್ಷಿಣ ಏಷ್ಯದ ಅಸಂಖ್ಯ ಮನೆಗಳನ್ನು ಹೊಕ್ಕರು. ಗಂಡುಮಗುವಿಗೆ ದೊಡ್ಡ ಪಾಲು, ಹೆಣ್ಣುಮಗುವಿಗೆ ಸಣ್ಣ ಪಾಲು ಎಂಬ ಅನ್ಯಾಯವನ್ನು ಮಾವಿನಹಣ್ಣೊಂದರ ಹಂಚಿಕೆಯಲ್ಲಿ ತೋರಿಸಿದ ಆ ಚಿತ್ರ, ಕತ್ತರಿಸಿದ ಹೋಳಿನ ಕಡೆಗೆ ಮೀನಾ ಹೊರಳಿಸಿದ ನೋಟದಿಂದಲೇ ಎಷ್ಟೋ ತಾಯಂದಿರನ್ನು ಯೋಚನೆಗೆ ಹಚ್ಚಿತೆಂಬುದರಲ್ಲಿ ನನಗೆ ಸಂದೇಹವಿಲ್ಲ.

ಆದರೆ ನನ್ನ ತಲೆಮಾರಿನವರ ಮತ್ತು ನನ್ನ ಕಿರಿಯರ ಹೃದಯದಲ್ಲಿ ನೆಲಸಿದ ಚಿತ್ರವೆಂದರೆ ರಾಮಾಯಣ. ಯುಗೋ ಸಾಕೋ ಎಂಬ ಜಪಾನಿ ಸಾಕ್ಷ್ಯಚಿತ್ರಕಾರರು 1983ರಲ್ಲಿ, ರಾಮನು ಗಂಗೆಯನ್ನು ದಾಟಿದನೆಂದು ಹೇಳುವ ಶೃಂಗವೇರಪುರದಲ್ಲಿ ಬಿ.ಬಿ. ಲಾಲರು ನಡೆಸಿದ ಉತ್ಖನನದ ಬಗ್ಗೆ ಚಿತ್ರ ತೆಗೆಯಲು ಬಂದವರು, ರಾಮಕಥೆಗೆ ಮನಸೋತು, ಜಪಾನಿ ಭಾಷೆಯಲ್ಲಿ ದೊರೆತ ರಾಮಾಯಣಗಳನ್ನೆಲ್ಲ ಓದಿದರು. ರಾಮನು ದೇವನಾದುದರಿಂದ ಅವನನ್ನು ನಟನೊಬ್ಬನ ಮೂಲಕ ತೋರಿಸುವುದಕ್ಕಿಂತ ರೇಖೆಯಲ್ಲಿ ತೋರಿಸುವುದೇ ತಕ್ಕುದೆಂದು ಅವರು ನಂಬಿದರು. ಪವಿತ್ರ ಕಥೆಯನ್ನು ಕಾರ್ಟೂನು ಮಾಡುವುದು ಉಚಿತವೇ ಎಂಬ ಆಕ್ಷೇಪ ಇಲ್ಲಿ ಎದ್ದುದರಿಂದ ಭಾರತ ಸರಕಾರದ ಸಹಯೋಗ ದೊರೆಯಲಿಲ್ಲ. ಚಿತ್ರ ಜಪಾನಿನಲ್ಲಿಯೇ ನಿರ್ಮಿತವಾಗಬೇಕಾಯಿತು. ಕೋಯಿಚಿ ಸಸಾಕಿಯವರೊಡನೆ ನಿರ್ದೇಶನದ ಹೊಣೆ ಹೊತ್ತವರು ರಾಮ್ ಮೋಹನ್. ಸಂಗೀತ ವನರಾಜ್ ಭಾಟಿಯಾ ಅವರದು. ಸುಮಾರು 450 ಕಲಾವಿದರು ಒಂದು ಲಕ್ಷದಷ್ಟು ಸೆಲ್ಲುಗಳನ್ನು ಕೈಯಿಂದ ರಚಿಸಿದರು. ಧೋತರದ ನೆರಿಗೆ ನಡಿಗೆಯೊಡನೆ ಹೇಗೆ ಬೀಳುತ್ತದೆ, ಹಿರಿಯರಿಗೆ ಹೇಗೆ ಕೈಮುಗಿಯುತ್ತಾರೆ, ಬಿಲ್ಲು ಹೆದೆಯೇರಿಸುವವನು ಎಲ್ಲಿ ಕಾಲೂರುತ್ತಾನೆ ಎಂಬುದನ್ನು ಭಾರತದ ಕಲಾವಿದರು ಜಪಾನಿನ ಕಲಾವಿದರಿಗೆ ವಿವರಿಸಿ ಕಲಿಸಬೇಕಾಯಿತು. ಮೂವತ್ತೈದು ವರ್ಷಗಳ ಹಿಂದೆ ವೀಕ್ಸ್ ಅವರ ಬಳಿ ಶಿಷ್ಯನಾಗಿ ಕುಳಿತಿದ್ದವರು ಈಗ ಹೊರನಾಡಿನಲ್ಲಿ ಗುರುವಿನ ಪೀಠದಲ್ಲಿದ್ದರು.

1992ರಲ್ಲಿ ಮುಗಿದ ಆ ಚಿತ್ರವನ್ನು 1993ರ ಜನವರಿಯಲ್ಲಿ ದೆಹಲಿಯ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ತೋರಿಸಿದರು. ಅಯೋಧ್ಯೆಯ ಘಟನೆಗಳಿಂದ ದೇಶ ಕದಡಿಹೋಗಿದ್ದ ಆ ದಿನಗಳಲ್ಲಿ ಅದು ಚಿತ್ರಮಂದಿರಗಳಿಗೆ ವ್ಯಾಪಕವಾಗಿ ಬರಲೇ ಇಲ್ಲ. ಅದು ಮನೆಗಳನ್ನು ಹೊಕ್ಕುದು ಟಿ.ವಿ.ಯ ಮೂಲಕ, ಹಿಂದಿಯಲ್ಲಿ ರಾಮನಿಗೆ ಅರುಣ್ ಗೋವಿಲ್, ರಾವಣನಿಗೆ ಅಮರೀಶ್ ಪುರಿ ಧ್ವನಿ ನೀಡಿದ್ದರು. ನಮ್ಮ ಅಜ್ಜಿಯ ಕಾಲದವರಿಗೆ ದೇವರ ಮುಖವೆಂದರೆ ರವಿವರ್ಮನ ಪಟಗಳಲ್ಲಿ ಕಂಡ ಮುಖ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಅವನ ಮೂಲಚಿತ್ರಗಳನ್ನು ಕಂಡವರು ಕೆಲವರೇ ಆದರೂ ಅಚ್ಚಿನ ಪಟ ಗೋಡೆಗೋಡೆಗೂ ಇದ್ದಿತು. ಫಾಲ್ಕೆಯವರು ಸಿನಿಮಾಕ್ಕೆ ಮೊದಲು ಕೆಲಕಾಲ ಆ ರವಿವರ್ಮನ ಮುದ್ರಣಾಲಯದ ಕೆಲಸದಲ್ಲಿ ತೊಡಗಿದ್ದವರು. ಪಟದ ರಾಮ ಅನಿಮಿಷನಾಗಿ ಗೋಡೆಯಲ್ಲಿ ನಿಂತು ಪೂಜೆಗೊಂಡನು. ಈ ಚಿತ್ರದ ರಾಮ ಕಾಡಿನಲ್ಲಿ ಸೀತೆಯನ್ನು ಕಾಣದೆ ಕಣ್ಣು ಮುಚ್ಚಿದನು, ತೆರೆದನು. ದೇವರಿಗೂ ದಣಿವುಂಟು, ದುಃಖವುಂಟು ಎಂಬುದು ಅಂದು ಹತ್ತು ವರ್ಷದ ಮಕ್ಕಳಿಗೆ ವ್ಯಾಖ್ಯಾನವಿಲ್ಲದೆ ತಿಳಿಯಿತು.

2018ರಲ್ಲಿ ಭೀಮಸೇನರು, 2019ರಲ್ಲಿ ವಿಜಯಾ ಮುಳೆಯವರು, ಅದೇ ವರ್ಷ ರಾಮ್ ಮೋಹನರು ತೀರಿಕೊಂಡರು. ಅವರ ಹೆಸರಾದರೂ ಉಳಿದಿದೆ. ಕೈಗವಸು ತೊಟ್ಟು ಬಣ್ಣ ತುಂಬಿದವರ ಹೆಸರನ್ನು ಕೇಳಿದವರಿಲ್ಲ. ಕಸುಬು ಮಾತ್ರ ರೂಪಾಂತರ ಹೊಂದಿ ಮುಂದುವರಿದಿದೆ. ಕನ್ನಡದ ಗೋವಿನ ಹಾಡಿನ ಕಥೆಯನ್ನಾಧರಿಸಿ ಬೆಂಗಳೂರಿನ ರವಿಶಂಕರ್ ವೆಂಕಟೇಶ್ವರನ್ ಅವರು ಸಂಸ್ಕೃತ ಸಂಭಾಷಣೆಯೊಡನೆ ನಿರ್ದೇಶಿಸಿದ 'ಪುಣ್ಯಕೋಟಿ', ಸಾರ್ವಜನಿಕರ ವಂತಿಗೆಯ ನೆರವಿನಿಂದ ಪೂರ್ಣಗೊಂಡು 2020ರಲ್ಲಿ ಬೆಳಕು ಕಂಡಿತು. 2025ರಲ್ಲಿ ಬೆಂಗಳೂರಿನ ಹೊಂಬಾಳೆ ಸಂಸ್ಥೆ ಅರ್ಪಿಸಿದ 'ಮಹಾವತಾರ ನರಸಿಂಹ'ಕ್ಕೆ ಚಿತ್ರಮಂದಿರಗಳಲ್ಲಿ ಜನ ಕಿಕ್ಕಿರಿದರು. ಅದೇ ವರ್ಷ ಕೊಪ್ಪಳ ಜಿಲ್ಲೆಯ ಮೊರನಾಳದ ವೃದ್ಧೆ, ತೊಗಲುಗೊಂಬೆಯಾಟದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಗೌರವ ಸಂದಿತು. ಇವೆರಡು ಸುದ್ದಿಗಳನ್ನೂ ಒಂದೇ ವರ್ಷ ಓದಿದಾಗ ಎಲೆಯಡಿಕೆಯ ಬಾಯಿಂದ ಬಂದ ಅಜ್ಜಿಯ ಮಾತು ನನಗೆ ಪುನಃ ಕೇಳಿಸಿತು.

ಆ ಜಪಾನಿ ರಾಮಾಯಣವೂ 2025ರ ಜನವರಿಯಲ್ಲಿ ಹಿಂದಿ, ತಮಿಳು, ತೆಲುಗು, ಇಂಗ್ಲಿಷ್ ಧ್ವನಿಗಳಲ್ಲಿ ಚಿತ್ರಮಂದಿರಕ್ಕೆ ಬಂದಿತು. ಕನ್ನಡದ ಧ್ವನಿಯಿರಲಿಲ್ಲವೆಂಬುದು ನನಗೆ ನೋವಿನ ಸಂಗತಿ. ಆದರೂ ತಂಗಿಯ ಮಗಳನ್ನು ಕರೆದುಕೊಂಡು ಹೋದೆ. ಮನೆಗೆ ಬಂದ ಮೇಲೆ ಹಳೆಯ ಪೆಟ್ಟಿಗೆಯಿಂದ ನಾನು ಐದನೆಯ ತರಗತಿಯಲ್ಲಿ ಬಳಸಿದ ಕಾಪಿ ಪುಸ್ತಕವನ್ನು ತೆಗೆದು ಅವಳಿಗೆ ತೋರಿಸಿದೆ. ಎದುರುಮನೆಯ ಟಿ.ವಿ.ಯಲ್ಲಿ ಹಕ್ಕಿಗಳನ್ನು ಕಂಡ ವಾರದಲ್ಲಿ, ಪುಟದ ಮೂಲೆಮೂಲೆಯಲ್ಲಿ ರೆಕ್ಕೆಯನ್ನು ಒಂದಿಷ್ಟು ಮೇಲೆ, ಒಂದಿಷ್ಟು ಕೆಳಗೆ ಬರೆಯುತ್ತ ಹೋಗಿ, ಹೆಬ್ಬೆರಳಿನಿಂದ ಪುಟಗಳನ್ನು ಸರಸರನೆ ಬಿಟ್ಟರೆ ಹಾರುವಂತೆ ಮಾಡಿದ್ದ ಒಂದು ಗುಬ್ಬಿ ಅದರಲ್ಲಿದ್ದಿತು. ನಲವತ್ತು ಪುಟ ಹಾರಿ, ಪುಸ್ತಕ ಮುಗಿದಲ್ಲಿ ಗುಬ್ಬಿಯೂ ನಿಂತಿತ್ತು. ಅವಳು ಎರಡು ಬಾರಿ ಹಾರಿಸಿ, ಮೂರನೆಯ ಬಾರಿಗೆ ತಡೆದು ಕೇಳಿದಳು:

"ಮಾಮ, ಈ ಹಕ್ಕಿ ಕಣ್ಣೇ ಮುಚ್ಚಲ್ವಾ?"

ನಲವತ್ತು ಪುಟಗಳಲ್ಲಿಯೂ ನಾನು ಕಣ್ಣಿಗೆ ಒಂದೇ ಚುಕ್ಕೆಯಿಟ್ಟಿದ್ದೆನೆಂಬುದು ನನಗೆ ಅಂದು ಹೊಳೆಯಿತು. ಮಾರನೆಯ ದಿನ ಅವಳು ತನ್ನ ಕಾಪಿ ಪುಸ್ತಕವನ್ನು ತಂದು ನನ್ನ ಕೈಗಿತ್ತಳು. ಅವಳ ಹಕ್ಕಿ ಇಪ್ಪತ್ತೇ ಪುಟದ್ದು, ರೆಕ್ಕೆಗಳು ಅಂಕುಡೊಂಕು. ಹನ್ನೊಂದನೆಯ ಪುಟದಲ್ಲಿ ಮಾತ್ರ ಚುಕ್ಕೆಯ ಜಾಗದಲ್ಲಿ ಒಂದು ಸಣ್ಣ ಗೆರೆಯಿದ್ದಿತು.